ಪಿಟೊಹುಯಿ ಹಕ್ಕಿಗೆ ವಿಷ ಬರೋದು ಜೀರುಂಡೆಯಿಂದ

ನ್ಯೂಗಿನಿ ದ್ವೀಪದ ಪಿಟೊಹುಯಿ ಹಕ್ಕಿ ತನ್ನ ವಿಷವನ್ನು ತಾನೇ ತಯಾರಿಸುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಅದು ತಿನ್ನುವ ಜೀರುಂಡೆಯಿಂದ ಬರುತ್ತದೆ ಅನ್ನುವುದಕ್ಕೇ ಪುರಾವೆ ಜಾಸ್ತಿ. ಹಕ್ಕಿಯಲ್ಲಿ ವಿಷ ಇದೆ ಅಂತ ಸಂಶೋಧಕ ಜಾನ್ ಡಂಬಾಕರ್ ತಂಡ 1992ರಲ್ಲೇ ಪ್ರಕಟಿಸಿತ್ತು. ಮೂಲ ಸಿಕ್ಕಿದ್ದು 2004ರಲ್ಲಿ, ಅದೂ ಪಪುವಾ ನ್ಯೂಗಿನಿಯ ಹೆರೊವಾನಾ ಹಳ್ಳಿಯ ಜನರ ನೆರವಿನಿಂದ. ತಾಗಿದರೆ ತುಟಿ, ಮುಖ ಜುಮ್ಮೆಂದು ಮರಗಟ್ಟಿಸುವ ಜೀರುಂಡೆ ಯಾವುದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಹಾಗಾಗಿ ಆ ಸಂಶೋಧನೆಯ ಅರ್ಧ ಶ್ರೇಯ ಅವರದ್ದೇ ಅಂತ ನಾನು ಹೇಳುತ್ತೇನೆ. ಆ ಹುಳ ಕೊರೆಸೈನ್, ಮೆಲಿರಿಡೇ ಕುಟುಂಬದ್ದು. ಮೆತ್ತನೆ ಮೇಲ್ರೆಕ್ಕೆಯ ಪುಟ್ಟ ಜೀರುಂಡೆ. ಅದರಲ್ಲಿರುವುದು ಹಕ್ಕಿಯಲ್ಲಿರುವ ಅದೇ ವಿಷ, ಬ್ಯಾಟ್ರಕೊಟಾಕ್ಸಿನ್. ನರಗಳಲ್ಲಿ ಸೋಡಿಯಂ ಒಳಬರುವ ದಾರಿಯನ್ನು ಮುಚ್ಚದ ಹಾಗೆ ಮಾಡುತ್ತದೆ, ಹೃದಯದ ಬಡಿತವೇ ತಪ್ಪಬಹುದು. ಪಿಟೊಹುಯಿಗಳ ಹೊಟ್ಟೆಯಲ್ಲೂ ಈ ಜೀರುಂಡೆ ಸಿಕ್ಕಿದೆ.

ಇನ್ನೊಂದು ವಿಷಯ. ಕೊಲಂಬಿಯಾದ ಫಿಲೊಬೇಟಿಸ್ ಕಪ್ಪೆಗಳಲ್ಲೂ ಇದೇ ವಿಷ ಇದೆ, ಆದರೆ ಗಾಜಿನ ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಕಪ್ಪೆಗಳಲ್ಲಿ ಇಲ್ಲ! ಅಂದರೆ ಅಲ್ಲೂ ವಿಷ ಊಟದಿಂದಲೇ ಬರುತ್ತಿರಬೇಕು, ಅಲ್ವಾ? ಮೆಲಿರಿಡೇ ಜೀರುಂಡೆಗಳು ದಕ್ಷಿಣ ಅಮೆರಿಕದಲ್ಲೂ ಇವೆ, ಅದಕ್ಕೇ ಅನುಮಾನ ಅವುಗಳ ಮೇಲೂ ಇದೆ.