ಸಬ್‌ವರ್ಶನ್‌ನಿಂದ ಗಿಟ್‌ಗೆ ಬಂದ ಮೇಲೆ ಪ್ಯಾಕೇಜ್ ಬಿಲ್ಡ್ ಏಕೆ ಕೆಡುತ್ತದೆ?

ಸಬ್‌ವರ್ಶನ್, ಗಿಟ್ ಎರಡೂ ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶಗಳು. ಕಮಿಟ್‌ಗಳ, ಅಂದರೆ ದಾಖಲಾದ ಬದಲಾವಣೆಗಳ, ಇತಿಹಾಸವನ್ನು ಸಾಗಿಸುವುದು ಅಷ್ಟೇನೂ ಕಷ್ಟವಲ್ಲ, ‘ಗಿಟ್ ಎಸ್‌ವಿಎನ್’ ಎಂಬ ಆಜ್ಞೆ ಅದನ್ನು ಮಾಡಿಕೊಡುತ್ತದೆ. ಬಿಲ್ಡ್ (ಕೋಡ್‌ನಿಂದ ಪ್ಯಾಕೇಜ್ ತಯಾರಿಸುವ ಕೆಲಸ) ಕೆಡುವುದು ಹಳೆಯ ಸ್ಕ್ರಿಪ್ಟ್‌ಗಳು ಸಬ್‌ವರ್ಶನ್‌ನ ಸ್ವಭಾವವನ್ನು ನೆಚ್ಚಿಕೊಂಡಿರುವುದರಿಂದ.

ದೊಡ್ಡ ತಲೆನೋವು ಆವೃತ್ತಿ ಸಂಖ್ಯೆಯದು. ಸಬ್‌ವರ್ಶನ್‌ನಲ್ಲಿ ಇಡೀ ರೆಪಾಸಿಟರಿಗೆ (ಕೋಡ್ ಭಂಡಾರಕ್ಕೆ) ಒಂದೇ ಎಣಿಕೆ, ಪ್ರತಿ ಕಮಿಟ್‌ಗೂ ಒಂದು ಏರುತ್ತದೆ. ನಿಮ್ಮ ಪ್ಯಾಕೇಜ್ 1.4.4812 ಎಂದಿದ್ದರೆ ಕೊನೆಯ ಅಂಕಿ ಬಹುಶಃ ಅದೇ. ಗಿಟ್‌ನಲ್ಲಿರುವುದು ಹ್ಯಾಶ್, ಅಂದರೆ ಅಕ್ಷರ-ಅಂಕಿಗಳ ಉದ್ದನೆಯ ಗುರುತು; ಅದನ್ನು ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲಾಗದು. ಹ್ಯಾಶ್ ಬೇಡವೆಂದು ಕಮಿಟ್‌ಗಳನ್ನು ಎಣಿಸಿ ಹಾಕಿದರೆ 1.4.900 ಬರಬಹುದು. ಆಗ ಪ್ಯಾಕೇಜ್ ಮ್ಯಾನೇಜರ್ ಹೊಸದನ್ನೇ ಹಳೆಯದೆಂದು ಬಗೆದು ಅಪ್‌ಡೇಟ್ ಮಾಡದೆ ಸುಮ್ಮನಿರುತ್ತದೆ. ದೋಷಸಂದೇಶವೂ ಇರುವುದಿಲ್ಲ, ಅದೇ ಕಿರಿಕಿರಿ. ಆದ್ದರಿಂದ ಸ್ಥಳಾಂತರದ ದಿನವೇ 1.5 ಎಂದು ಟಿಪ್ಪಣಿ ಸಹಿತ ಟ್ಯಾಗ್ (ಕಮಿಟ್‌ಗೆ ಇಡುವ ಹೆಸರು) ಹಾಕಿ, ಮುಂದಿನ ಸಂಖ್ಯೆಗಳನ್ನು ಹತ್ತಿರದ ಟ್ಯಾಗ್‌ನಿಂದ ಲೆಕ್ಕ ಹಾಕುವ ‘ಗಿಟ್ ಡಿಸ್ಕ್ರೈಬ್’ನಿಂದ ಪಡೆಯಿರಿ. ಅದರ ಉತ್ತರದಲ್ಲಿ ಬರುವ ಅಡ್ಡಗೆರೆಯನ್ನು (-) ಆರ್‌ಪಿಎಂ ಎಂಬ ಲಿನಕ್ಸ್ ಪ್ಯಾಕೇಜ್ ವ್ಯವಸ್ಥೆ ಆವೃತ್ತಿ ಸಂಖ್ಯೆಯಲ್ಲಿ ಒಪ್ಪುವುದಿಲ್ಲ, ಚುಕ್ಕಿಗೆ ಬದಲಿಸಿ.

ಬಿಲ್ಡ್ ಸರ್ವರ್ ಸಮಯ ಉಳಿಸಲು ಕೊನೆಯ ಕಮಿಟ್ ಒಂದನ್ನೇ ತರುವಂತಿದ್ದರೆ ಹಳೆಯ ಟ್ಯಾಗ್ ಅದಕ್ಕೆ ಕಾಣುವುದೇ ಇಲ್ಲ, ಹಾಗಾಗಿ ಸಂಖ್ಯೆಯೂ ಸಿಗದು. ಪೂರ್ಣ ಇತಿಹಾಸ ತರಲು ಹೇಳಿ.

ಇನ್ನು ಸಣ್ಣಪುಟ್ಟವು: ಗಿಟ್ ಖಾಲಿ ಫೋಲ್ಡರ್‌ಗಳನ್ನು ಉಳಿಸುವುದಿಲ್ಲ, ಬೇಕಿದ್ದರೆ ಸ್ಕ್ರಿಪ್ಟ್‌ನಲ್ಲೇ ಸೃಷ್ಟಿಸಿ. ಇತಿಹಾಸ ಬಿಟ್ಟು ಬರೀ ಕಡತಗಳನ್ನು ಹೊರತೆಗೆಯುವ ‘ಎಸ್‌ವಿಎನ್ ಎಕ್ಸ್‌ಪೋರ್ಟ್’ ಇದ್ದಲ್ಲಿ ‘ಗಿಟ್ ಆರ್ಕೈವ್’ ಬಳಸಬಹುದು, ಆದರೆ ಅದು ಸಬ್‌ಮಾಡ್ಯೂಲ್‌ಗಳ (ಒಳಗೆ ಜೋಡಿಸಿದ ಬೇರೆ ರೆಪಾಸಿಟರಿಗಳ) ಒಳಗಿನ ಕಡತಗಳನ್ನು ಸೇರಿಸಿಕೊಳ್ಳುವುದಿಲ್ಲ.