ಎಲ್ಲರನ್ನೂ ‘ಶಾಮನ್’ ಎನ್ನಬಹುದಾ?

ಪ್ರಶ್ನೆ: ಪೆರು ದೇಶದ ಪುಕಾಲ್ಪಾ ಹತ್ತಿರ ಅಯಾವಾಸ್ಕಾ, ಅಂದರೆ ಮತ್ತು ಬರಿಸುವ ಬಳ್ಳಿಯ ಕಷಾಯ ಕುಡಿಯುವ ಆಚರಣೆ ನೋಡಿ ಬಂದಿದ್ದೇನೆ. ಈಗ ಪ್ರವಾಸ ಲೇಖನ ಬರೆಯುತ್ತಿದ್ದೇನೆ. ಕಷಾಯ ಕೊಟ್ಟ, ಅಮೆಜಾನಿನ ಶಿಪಿಬೊ ಬುಡಕಟ್ಟಿನ ಹಿರಿಯರನ್ನು ಶಾಮನ್ ಎನ್ನಲಾ, ಮಾಂತ್ರಿಕ ಎನ್ನಲಾ? ಆ ಕೇಂದ್ರ ನಡೆಸುವ ವಿದೇಶಿಯರೂ ತಮ್ಮನ್ನು ಶಾಮನ್ ಅಂತಲೇ ಹೇಳಿಕೊಂಡರು.

ಉತ್ತರ: ಎರಡೂ ಬೇಡ. ಶಾಮನ್ ಎಂಬುದು ಸೈಬೀರಿಯಾದ ಎವೆಂಕಿ ಜನರ ಕಡೆಯಿಂದ ಬಂದ ಹೆಸರು. ಮಾಂತ್ರಿಕ ಎಂದರೆ ನಮ್ಮ ಓದುಗರಿಗೆ ಮಾಟ ಮಾಡುವವರೇ ನೆನಪಾಗುತ್ತಾರೆ. ಪೆರುವಿನಲ್ಲೂ ಕೇಡು ಮಾಡುವವರನ್ನು ಬ್ರುಹೊ ಎನ್ನುತ್ತಾರೆ. ಕಾಯಿಲೆ ವಾಸಿ ಮಾಡುವ ಹಿರಿಯರಿಗೆ ಆ ಹಣೆಪಟ್ಟಿ ಯಾಕೆ?

ಶಿಪಿಬೊ ಜನ ಇಂಥವರನ್ನು ಒನಾನ್ಯಾ ಎನ್ನುತ್ತಾರೆ. ಅದು ಸುಮ್ನೆ ಸಿಗುವ ಹೆಸರಲ್ಲ. ಒಂದೊಂದು ಗಿಡದ ಜೊತೆ ವಾರಗಟ್ಟಲೆ, ತಿಂಗಳುಗಟ್ಟಲೆ ‘ದಿಯೆತಾ’ ಎಂಬ ವ್ರತ ಹಿಡಿಯಬೇಕು. ಉಪ್ಪಿಲ್ಲ, ಸಕ್ಕರೆ ಇಲ್ಲ, ಸಂಗಾತಿಯ ಸಂಗವಿಲ್ಲ. ಬೇಯಿಸಿದ ಬಾಳೆಕಾಯಿ, ಒಂದಿಷ್ಟು ಮೀನು, ಅಷ್ಟೇ. ಆಚರಣೆಯಲ್ಲಿ ಹಾಡುವ ಇಕಾರೊಗಳನ್ನು ಆ ಗಿಡಗಳೇ ಕಲಿಸುತ್ತವೆ ಎಂಬುದು ಅವರ ನಂಬಿಕೆ. ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ಮೆರಾಯಾ ಎಂಬುದು ಇನ್ನೂ ಮೇಲಿನ ಸ್ಥಾನ. ಅದನ್ನು ನೀವಾಗಿ ಯಾರಿಗೂ ಕೊಡಬೇಡಿ.

ಕುರಂದೆರೊ ಎಂದರೆ ಸ್ಪ್ಯಾನಿಷ್‌ನಲ್ಲಿ ಯಾವುದೇ ನಾಟಿ ವೈದ್ಯರು. ಒನಾನ್ಯಾ ಹೌದೋ ಅಲ್ಲವೋ ಗೊತ್ತಾಗದಿದ್ದರೆ ಇದನ್ನು ಬಳಸಿ, ತಪ್ಪಾಗದು. ಕೊಲಂಬಿಯಾದಲ್ಲಿ ಇದೇ ಬಳ್ಳಿಯ ಕಷಾಯವನ್ನು ಯಾಹೆ ಎನ್ನುತ್ತಾರೆ, ಕೊಡುವವರನ್ನು ತಾಯ್ತಾ ಎನ್ನುತ್ತಾರೆ. ಭೂತಕೋಲದಲ್ಲಿ ದೈವ ಕಟ್ಟುವವರನ್ನೂ ದರ್ಶನ ಪಾತ್ರಿಯನ್ನೂ ಒಂದೇ ಹೆಸರಿನಿಂದ ಕರೆದರೆ ತುಳುನಾಡಿನವರು ಒಪ್ಪುತ್ತಾರಾ? ಅಮೆಜಾನಿನವರಿಗೂ ಹಾಗೇ ಅಲ್ವಾ?

ಇನ್ನು ಆ ವಿದೇಶಿಯರು. ಅವರು ಯಾರ ಬಳಿ ಕಲಿತರು, ಆ ಗುರು ಅವರನ್ನು ಏನೆಂದು ಕರೆಯುತ್ತಾರೆ ಅಂತ ಕೇಳಿ. ಉತ್ತರ ತಡವರಿಸಿದರೆ ‘ಕೇಂದ್ರದ ಆಯೋಜಕರು’ ಎಂದಷ್ಟೇ ಬರೆಯಿರಿ. ಇದರಲ್ಲಿ ನಾನು ಕಟ್ಟುನಿಟ್ಟು. ಆ ಬಳ್ಳಿಯ ಕಷಾಯವನ್ನು ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಕುಡಿದರೆ ಪ್ರಾಣಕ್ಕೇ ಕುತ್ತು. ನಿಮ್ಮ ಲೇಖನ ನಂಬಿ ಹೋಗುವವರು ‘ಶಾಮನ್’ ಎಂಬ ಪದ ಕಂಡು, ಇವರಿಗೆ ಎಲ್ಲ ಗೊತ್ತು ಅಂದುಕೊಳ್ಳುತ್ತಾರೆ.

ಹಿರಿಯರ ಸ್ವಂತ ಹೆಸರು ಹಾಕುವ ಮುಂಚೆ ಅವರ ಒಪ್ಪಿಗೆ ಪಡೆಯಿರಿ. ಮೆಕ್ಸಿಕೊದ ಮಸಾತೆಕ್ ವೈದ್ಯೆ ಮರಿಯಾ ಸಬಿನಾ ಬಗ್ಗೆ 1957ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಲೇಖನ ಬಂತು. ಲೇಖನದಲ್ಲಿ ಹೆಸರು ಬದಲಿಸಿದ್ದರೂ ಜನ ಆಕೆಯನ್ನು ಹುಡುಕಿಕೊಂಡು ಹೋದರು. ವಿದೇಶಿಯರ ಕಾಟಕ್ಕೆ ಊರವರು ತಿರುಗಿಬಿದ್ದರು, ಆಕೆಯ ಮನೆಗೆ ಬೆಂಕಿಯೂ ಬಿತ್ತು. ಒಪ್ಪಿಗೆ ಸಿಗದಿದ್ದರೆ ‘ಒಬ್ಬ ಶಿಪಿಬೊ ಒನಾನ್ಯಾ’ ಎಂದು ಬರೆದರೆ ಸಾಕು.