ಸುಂಕ ಇಳಿದರೆ ಮಾಮೂಲೂ ಇಳಿಯುತ್ತದೆಯೇ?

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸುತ್ತಿದ್ದೇನೆ. ಹೊರದೇಶದಿಂದ ತರಿಸಿದ ಯಂತ್ರದ ಬಿಡಿಭಾಗ ಆಮದು ಸುಂಕದ ಪಟ್ಟಿಯ ಯಾವ ಶೀರ್ಷಿಕೆಯಡಿ ಬರುತ್ತದೆಂಬ ತಕರಾರಿನಲ್ಲಿ ಸರಕು ಒಂಬತ್ತು ದಿನ ನಿಂತಿತು. ‘ಮಾಮೂಲು ಕೊಟ್ಟರೆ ಇವತ್ತೇ ಬಿಡುಗಡೆ’ ಎಂದರು ಏಜೆಂಟರು. ಸುಂಕ ಇಳಿಸಿದರೆ ಈ ಪಿಡುಗು ತೊಲಗುತ್ತದೆಯೇ?

ಉತ್ತರ: ಬಹುಮಟ್ಟಿಗೆ ಹೌದು. ಆದರೆ ದರ ಎಷ್ಟಿದೆ ಎಂಬುದರಷ್ಟೇ, ದರಗಳು ಎಷ್ಟು ಬಗೆಯವು ಎಂಬುದೂ ಮುಖ್ಯ. ನಿಮ್ಮ ಬಿಡಿಭಾಗಕ್ಕೆ ಒಂದು ಶೀರ್ಷಿಕೆಯಲ್ಲಿ ಶೇ 7.5, ಪಕ್ಕದ ಶೀರ್ಷಿಕೆಯಲ್ಲಿ ಶೇ 15 ಸುಂಕವಿದೆ ಎಂದಿಟ್ಟುಕೊಳ್ಳಿ. ಹತ್ತು ಲಕ್ಷ ರೂಪಾಯಿಯ ಸರಕಿನಲ್ಲಿ ಆ ಅಂತರವೇ 75,000 ರೂಪಾಯಿ. ಲಂಚದ ಚೌಕಾಶಿ ನಡೆಯುವುದು ಆ ಮೊತ್ತದ ಸುತ್ತಲೇ. ಸರಕು ನಿಂತಷ್ಟು ದಿನ ಡೆಮರೇಜ್ (ತಡವಾಗಿ ಬಿಡಿಸಿಕೊಂಡದ್ದಕ್ಕೆ ತೆರಬೇಕಾದ ಶುಲ್ಕ) ಏರುತ್ತಿರುವುದರಿಂದ, ಅಧಿಕಾರಿ ಬಾಯಿಬಿಟ್ಟು ಕೇಳಬೇಕೆಂದೂ ಇಲ್ಲ, ಸುಮ್ಮನಿದ್ದರೆ ಸಾಕು.

ಅರ್ಥಶಾಸ್ತ್ರಜ್ಞರಾದ ರೇಮಂಡ್ ಫಿಸ್ಮನ್ ಮತ್ತು ಶಾಂಗ್-ಜಿನ್ ವೇ ಅವರು ಹಾಂಗ್‌ಕಾಂಗ್‌ನ ರಫ್ತು ಲೆಕ್ಕವನ್ನು ಚೀನಾದ ಆಮದು ಲೆಕ್ಕದೊಂದಿಗೆ ತಾಳೆ ನೋಡಿ 2004ರಲ್ಲಿ ತೋರಿಸಿದ್ದು ದರದ ಈ ಸೆಳೆತವನ್ನೇ. ತೆರಿಗೆ ಒಂದು ಶೇಕಡಾಂಶ ಹೆಚ್ಚಾದಲ್ಲಿ ವಂಚನೆ ಸುಮಾರು ಶೇ 3ರಷ್ಟು ಹೆಚ್ಚಿತ್ತು. ಅದನ್ನೇ ಹೋಲುವ ಸರಕಿಗೆ ಕಡಿಮೆ ದರವಿದ್ದಲ್ಲಿ ಹೆಸರು ಬದಲಿಸಿ ಸಾಗಿಸುವ ಲಕ್ಷಣವೂ ಕಂಡಿತು.

ನಮ್ಮಲ್ಲಿ 1991ರ ಬಜೆಟ್ ಗರಿಷ್ಠ ಸುಂಕವನ್ನು ಶೇ 150ಕ್ಕೆ ತಂದಿತು (ಅದೇ ಅಂದಿನ ಉದಾರತೆ!), ಕೃಷಿಯೇತರ ಸರಕುಗಳಿಗೆ ಅದು 2007ರ ಹೊತ್ತಿಗೆ ಶೇ 10ಕ್ಕೆ ಇಳಿಯಿತು. 2025ರ ಬಜೆಟ್ ಕೈಗಾರಿಕಾ ಸರಕುಗಳ ಏಳು ದರಗಳನ್ನು ತೆಗೆದುಹಾಕಿ, ಸೊನ್ನೆಯೂ ಸೇರಿ ಎಂಟನ್ನು ಉಳಿಸಿತು. ನನ್ನ ತಕರಾರಿರುವುದು ಷರತ್ತುಬದ್ಧ ವಿನಾಯಿತಿಗಳ ಬಗ್ಗೆ: ‘ಇಂಥ ಯಂತ್ರದ ತಯಾರಿಕೆಗೆ ಮಾತ್ರ’ ಎಂಬ ಒಂದು ಸಾಲು ಸೇರಿದೊಡನೆ, ಅದು ಪಾಲನೆಯಾಗಿದೆಯೇ ಎಂದು ತೀರ್ಮಾನಿಸುವ ಅಧಿಕಾರ ಮತ್ತೆ ಮೇಜಿನಾಚೆಯವರ ಕೈಗೇ ಹೋಗುತ್ತದೆ.

ಮುಖಾಮುಖಿಯಿಲ್ಲದ ಸುಂಕ ನಿರ್ಧಾರ ಮೊದಲು ಜಾರಿಯಾದದ್ದು 2020ರ ಜೂನ್‌ನಲ್ಲಿ, ಬೆಂಗಳೂರು ಮತ್ತು ಚೆನ್ನೈಗಳಲ್ಲಿ, ಅದೂ ನಿಮ್ಮಂಥವರು ತರಿಸುವ ಯಂತ್ರೋಪಕರಣಗಳಿಗೆ. ಇಲ್ಲಿಳಿದ ಸರಕಿನ ಕಾಗದವನ್ನು ಬೇರೆ ಊರಿನ ಅಧಿಕಾರಿ ನೋಡಬಹುದು, ಅವರು ಯಾರೆಂದು ನಿಮ್ಮ ಏಜೆಂಟರಿಗೆ ತಿಳಿಯದು. ಆದರೆ ಪೆಟ್ಟಿಗೆ ಬಿಚ್ಚಿ ಪರಿಶೀಲಿಸುವವರು ಸ್ಥಳೀಯರೇ, ಆದ್ದರಿಂದ ಮಾಮೂಲು ಆ ಕಡೆಗೆ ಸರಿಯಲು ಅವಕಾಶ ಉಳಿದೇ ಇದೆ.

ಅದೇ ಬಿಡಿಭಾಗವನ್ನು ಮತ್ತೆ ಮತ್ತೆ ತರಿಸುವವರಾದರೆ, ದೆಹಲಿ ಅಥವಾ ಮುಂಬೈಯಲ್ಲಿರುವ ಸುಂಕದ ಮುಂಗಡ ನಿರ್ಣಯ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಶೀರ್ಷಿಕೆಯನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳಿ. ಕಾನೂನು ಅಥವಾ ಸಂಗತಿಗಳು ಬದಲಾಗದಿದ್ದರೆ ಆ ನಿರ್ಣಯ ಕೆಲವು ವರ್ಷ ನಿಮ್ಮನ್ನೂ ಇಲಾಖೆಯನ್ನೂ ಕಟ್ಟಿಹಾಕುತ್ತದೆ.

ಪ್ರಶ್ನೆ: ಒತ್ತಾಯಕ್ಕೆ ಮಣಿದು ಕೊಟ್ಟವರೂ ಅಪರಾಧಿಗಳೇ?

ಉತ್ತರ: ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಂತೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ದೂರು ನೀಡಿದರೆ ಮಾತ್ರ ರಕ್ಷಣೆಯಿದೆ. ಸುಂಕ ಇಲಾಖೆಯವರು ಕೇಂದ್ರ ನೌಕರರಾದ್ದರಿಂದ ದೂರನ್ನು ಸಿಬಿಐಗೆ ಕೊಡಬಹುದು.